ಪ್ರತಿಕ್ರಿಯೆ: ‘ಡೇರ್‌ಡೆವಿಲ್’ ಡೈರೆಕ್ಟರ್ಸ್ ಕಟ್ ನೋಡಬಹುದಾ?

‘ಡೇರ್‌ಡೆವಿಲ್’ ಕಾಮಿಕ್ಸ್ (ಹಗಲು ಕುರುಡ ವಕೀಲ, ರಾತ್ರಿ ಮುಖವಾಡದ ಸೂಪರ್‌ಹೀರೋ) ಮೆಚ್ಚಿದವರಿಗೆ 2003ರ ಸಿನಿಮಾ ಯಾಕೆ ಟೊಳ್ಳು ಅನ್ನಿಸುತ್ತೆ, ಡೈರೆಕ್ಟರ್ಸ್ ಕಟ್‌ನಲ್ಲಿ (ನಿರ್ದೇಶಕರ ಇಷ್ಟದಂತೆ ಮತ್ತೆ ಜೋಡಿಸಿದ ಆವೃತ್ತಿ) ಸರಿಹೋಗಿದೆಯಾ ಅಂತ ಕೇಳಿದ್ದೀರಿ. ಅರ್ಧ ಸರಿಹೋಗಿದೆ.

ಥಿಯೇಟರ್ ಆವೃತ್ತಿ ಸುಮಾರು 103 ನಿಮಿಷ, ಇದು 133. ಆ ಅರ್ಧ ಗಂಟೆಯಲ್ಲಿ ಮುಖ್ಯವಾಗಿ ವಾಪಸ್ ಬಂದಿರುವುದು ಕೂಲಿಯೊ ನಟಿಸಿದ ಕೊಲೆ ಆರೋಪಿಯ ಕೇಸು. ಅದಿಲ್ಲದೆ ನಾಯಕ ಮ್ಯಾಟ್ ಮರ್ಡಾಕ್ (ಅವನೇ ಡೇರ್‌ಡೆವಿಲ್) ಹೆಸರಿಗಷ್ಟೇ ವಕೀಲ. ಹಗಲು ಕೋರ್ಟು, ರಾತ್ರಿ ಮುಖವಾಡ ಅನ್ನೋ ಎಳೆದಾಟವೇ ಮಾಯ. ಖಳನಾಯಕ ಕಿಂಗ್‌ಪಿನ್ ತನಕ ಹೋಗುವ ಜಾಡೂ ಈ ಕೇಸಿನಿಂದಲೇ ಹೊರಡುತ್ತೆ.

ಇನ್ನೊಂದು ಸಣ್ಣ ಬದಲಾವಣೆ, ಆದರೆ ನನ್ನ ಮಟ್ಟಿಗೆ ದೊಡ್ಡದು. ಮಳೆಹನಿಯ ಸದ್ದಿನಿಂದ ಕುರುಡ ಮ್ಯಾಟ್‌ಗೆ ಪ್ರೇಯಸಿ ಎಲೆಕ್ಟ್ರಾ ಮುಖ ‘ಕಾಣುವ’ ದೃಶ್ಯ ಇದೆಯಲ್ಲ (ಇಡೀ ಸಿನಿಮಾದಲ್ಲಿ ಅದೊಂದೇ ಅಪ್ಪಟ ಡೇರ್‌ಡೆವಿಲ್), ಅದಾದ ಮೇಲೆ ದೂರದಲ್ಲಿ ಯಾರೋ ಕಷ್ಟದಲ್ಲಿರೋದು ಅವನಿಗೆ ಕೇಳಿಸುತ್ತೆ. ಥಿಯೇಟರ್ ಆವೃತ್ತಿಯಲ್ಲಿ ಅವಳ ಜೊತೆಗೇ ಉಳಿದುಬಿಡ್ತಾನೆ. ಇಲ್ಲಿ ಎದ್ದು ಹೋಗ್ತಾನೆ. ಪಾತ್ರ ಅಂದರೆ ಅದು.

ಸರಿಹೋಗದ್ದೂ ಇದೆ. ಹಾಡಹಗಲು, ಮಕ್ಕಳು ನೋಡ್ತಿರುವಾಗ, ಕುರುಡ ವಕೀಲ ಸೀ-ಸಾ ಮೇಲೆ ಹಾರಾಡಿ ಹೊಡೆದಾಡಿದರೆ ಗುಟ್ಟು ಎಲ್ಲಿ ಉಳೀತು? ಬೇರೊಂದು ಕೇಸಿನ ಆರೋಪಿಯನ್ನು ಅವನು ರೈಲಿನಡಿ ಸಾಯಲು ಬಿಡುವುದೂ ಹಾಗೇ ಇದೆ. ಕಾಮಿಕ್ಸ್‌ನಲ್ಲಿ ತಾನು ಸಾಯುವ 181ನೇ ಸಂಚಿಕೆಗೆ (1982) ಮುಂಚೆ ತಿಂಗಳುಗಟ್ಟಲೆ ಬೆಳೆದ ಎಲೆಕ್ಟ್ರಾ, ಇಲ್ಲಿ ಪರಿಚಯವಾದ ಸ್ವಲ್ಪ ಹೊತ್ತಿಗೇ ಸಾಯ್ತಾಳೆ.

ನೋಡೋದಾದರೆ 133 ನಿಮಿಷದ್ದೇ ನೋಡಿ. ಬಾಡಿಗೆಗೆ ತಗೊಳ್ಳೋ ಮುಂಚೆ ಅವಧಿ ಪರೀಕ್ಷಿಸಿ, ಪೋಸ್ಟರ್ ನಂಬಬೇಡಿ.