ಆ್ಯಸಿಡ್ ಮಾತ್ರೆ: ತಿಂಡಿಗೆ ಮುಂಚೆಯೋ, ಆಮೇಲೋ?

ಪ್ರಶ್ನೆ: ಎದೆಯುರಿಗೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ತಿಂಡಿ ಆದಮೇಲೆ, ನುಂಗಲು ಸುಲಭವೆಂದು ಎರಡು ಹೋಳು ಮಾಡಿ ತೆಗೆದುಕೊಳ್ಳುತ್ತಿದ್ದೇನೆ. ಐದು ದಿನವಾದರೂ ಉರಿ ಹಾಗೇ ಇದೆ. ದಿನಕ್ಕೆ ಎರಡು ಮಾತ್ರೆ ಮಾಡಿಕೊಳ್ಳಲೇ?

ಉತ್ತರ: ಬೇಡ. ಮಾತ್ರೆ ಒಂದೇ ಇರಲಿ, ನುಂಗುವ ಹೊತ್ತು ಬದಲಿಸಿ. ಜಠರದ ಗೋಡೆಯ ಕೋಶಗಳಲ್ಲಿ ಆಮ್ಲ ಹೊರಹಾಕುವ ಪುಟ್ಟ ಪಂಪುಗಳಿವೆ. ಆಹಾರ ಒಳಗೆ ಬಿದ್ದಾಗ ಅವು ಚುರುಕಾಗುತ್ತವೆ. ಈ ಔಷಧ ಕಟ್ಟಿಹಾಕುವುದು ಕೆಲಸದಲ್ಲಿರುವ ಪಂಪನ್ನು ಮಾತ್ರ, ಮಲಗಿರುವುದರ ತಂಟೆಗೆ ಹೋಗುವುದಿಲ್ಲ. ರಕ್ತದಲ್ಲಿ ಅದು ಉಳಿಯುವುದೂ ಕೆಲವೇ ಗಂಟೆ. ಆದ್ದರಿಂದ ಪಂಪುಗಳು ಏಳುವ ಹೊತ್ತಿಗೆ ಅದು ರಕ್ತದಲ್ಲಿ ಕಾದಿರಬೇಕು. ತಿಂಡಿಗೆ 30ರಿಂದ 60 ನಿಮಿಷ ಮುಂಚೆ ಎನ್ನುವುದು ಇದಕ್ಕೇ. ನುಂಗಿ ಮಧ್ಯಾಹ್ನದವರೆಗೆ ಏನೂ ತಿನ್ನದಿದ್ದರೆ ಅರ್ಧ ಮಾತ್ರೆ ಎಸೆದಂತೆಯೇ ಸರಿ.

ಹೋಳು ಮಾಡುವುದಂತೂ ಕೂಡದು. ಆಮ್ಲ ತಡೆಯುವ ಈ ಔಷಧವೇ ಆಮ್ಲ ತಗುಲಿದರೆ ಕೆಡುತ್ತದೆ! ಮೇಲಿನ ಲೇಪ ಅದನ್ನು ಕಾಪಾಡಿ ಕರುಳಿಗೆ ಮುಟ್ಟಿಸುತ್ತದೆ. ಮುರಿದ ಕಡೆ ಆ ಕಾವಲಿಲ್ಲ. ಇಡೀ ಮಾತ್ರೆ ಇಳಿಯದಿದ್ದರೆ ಇದೇ ಗುಂಪಿನ, ಕಾಳುಗಳಿರುವ ಒಮೆಪ್ರಜೋಲ್ ಕ್ಯಾಪ್ಸೂಲ್ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅಂಥ ಹಲವನ್ನು ಬಿಚ್ಚಿ, ಒಂದು ಚಮಚ ಸೇಬಿನ ತಿರುಳಿಗೆ ಉದುರಿಸಿ, ಕಾಳು ಅಗಿಯದೆ ಆಗಲೇ ನುಂಗಬಹುದು.

ಸರಿಯಾಗಿ ತೆಗೆದುಕೊಂಡರೂ ಪೂರ್ತಿ ಹಿಡಿತ ಸಿಗಲು ಮೂರ್ನಾಲ್ಕು ದಿನ ಬೇಕು. ಇಂದಿನಿಂದ ಹೊಸದಾಗಿ ಎಣಿಸಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಮಾತ್ರೆಯಷ್ಟೇ ಅಲ್ಲ, ಊಟವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅಥವಾ ತೂಕ ಇಳಿಯುತ್ತಿದ್ದರೆ ಕಾಯದೆ ವೈದ್ಯರಿಗೆ ತೋರಿಸಿ. ಮಲ ಟಾರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಆರು ತಿಂಗಳು ತೆಗೆದುಕೊಂಡು ನಿಲ್ಲಿಸಿದೆ. ಮೂರನೇ ದಿನಕ್ಕೆ ಉರಿ ಮೊದಲಿಗಿಂತ ಜೋರಾಗಿ ಬಂತು. ಇನ್ನು ಜೀವನಪೂರ್ತಿ ನುಂಗಬೇಕೇ?

ಉತ್ತರ: ಹಾಗೇನಿಲ್ಲ. ತಿಂಗಳುಗಟ್ಟಲೆ ಆಮ್ಲ ಅದುಮಿಟ್ಟಾಗ ದೇಹ ಗ್ಯಾಸ್ಟ್ರಿನ್ ಹಾರ್ಮೋನನ್ನು ಹೆಚ್ಚಿಸಿ ‘ಇನ್ನಷ್ಟು ಆಮ್ಲ ಬೇಕು’ ಎಂದು ಒತ್ತಾಯಿಸುತ್ತಿರುತ್ತದೆ. ಮಾತ್ರೆ ತಟಕ್ಕನೆ ನಿಂತರೆ ಆ ಒತ್ತಾಯವೆಲ್ಲ ಒಮ್ಮೆಗೇ ಈಡೇರುತ್ತದೆ. ಇದನ್ನು ರೋಗ ಮರುಕಳಿಸಿತೆಂದು ತಿಳಿದು ಮತ್ತೆ ಶುರು ಮಾಡುವವರೇ ಹೆಚ್ಚು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ವೈದ್ಯರಿಗೆ ಹೇಳಿ ಇಳಿಸುತ್ತ ಬನ್ನಿ: 40 ಇದ್ದದ್ದು ಎರಡರಿಂದ ನಾಲ್ಕು ವಾರ 20 (20ರ ಮಾತ್ರೆಯೇ, 40ರ ಹೋಳಲ್ಲ), ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸುವುದು. ನಡುವೆ ಉರಿದರೆ ಆಂಟಾಸಿಡ್ (ಜಠರದಲ್ಲಿ ಆಗಲೇ ಇರುವ ಆಮ್ಲವನ್ನು ತಣಿಸುವ ಔಷಧ) ಸಾಕು.

ಎಲ್ಲರೂ ನಿಲ್ಲಿಸುವಂತಿಲ್ಲ. ಹಿಂದೆ ಹುಣ್ಣಿನಿಂದ ರಕ್ತಸ್ರಾವ ಆಗಿದ್ದವರು, ಬ್ಯಾರೆಟ್ ಅನ್ನನಾಳ (ಆಮ್ಲದ ಹೊಡೆತಕ್ಕೆ ಅನ್ನನಾಳದ ಒಳಪದರ ಬದಲಾಗಿರುವ ಸ್ಥಿತಿ) ಇರುವವರು, ಹುಣ್ಣಿನ ಅಪಾಯವಿದ್ದೂ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ದಿನಾ ನುಂಗಬೇಕಾದವರು ತಾವಾಗಿ ಬಿಡಬಾರದು. ವರ್ಷಗಟ್ಟಲೆ ಮುಂದುವರಿಸುವವರು ಬಿ12 ಮತ್ತು ಮೆಗ್ನೀಷಿಯಂ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ. ಸ್ನಾಯು ಸೆಳೆತ, ಎದೆಬಡಿತದ ಏರುಪೇರು ಮೆಗ್ನೀಷಿಯಂ ಇಳಿದಿರುವ ಸೂಚನೆ ಇರಬಹುದು.

ಪ್ರಶ್ನೆ: ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಬಹುದೇ?

ಉತ್ತರ: ಇಲ್ಲಿ ಗಂಟೆಗಳ ಅಂತರದಿಂದ ಹೆಚ್ಚು ಪ್ರಯೋಜನವಿಲ್ಲ. ಆಂಟಾಸಿಡ್ ಆದರೆ ಥೈರಾಯ್ಡ್ ಮಾತ್ರೆಯಾದ ಥೈರಾಕ್ಸಿನ್‌ಗೂ ಅದಕ್ಕೂ ನಾಲ್ಕು ಗಂಟೆ ಬಿಟ್ಟರಾಯಿತು. ಪ್ಯಾಂಟೊಪ್ರಜೋಲ್ ದಿನವಿಡೀ ಆಮ್ಲ ತಗ್ಗಿಸುವುದರಿಂದ ಥೈರಾಕ್ಸಿನ್ ಹೀರಿಕೆ ಯಾವ ಹೊತ್ತಿಗಾದರೂ ಕುಗ್ಗಬಹುದು. ಶುರು ಮಾಡಿ ಆರರಿಂದ ಎಂಟು ವಾರಕ್ಕೆ ಥೈರಾಯ್ಡ್ ಹತೋಟಿ ತಿಳಿಸುವ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ, ಬೇಕಿದ್ದರೆ ವೈದ್ಯರು ಥೈರಾಕ್ಸಿನ್ ಡೋಸ್ ಹೊಂದಿಸುತ್ತಾರೆ. ಕಬ್ಬಿಣದ ಮಾತ್ರೆಯ ಹೀರಿಕೆಯೂ ಕುಗ್ಗುತ್ತದೆ. ಹೃದಯಕ್ಕೆ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್, ಎಸೊಮೆಪ್ರಜೋಲ್ ಬೇಡ. ಅವು ಅದರ ಬಲ ಕುಂದಿಸುತ್ತವೆ.

ಪ್ರಶ್ನೆ: ಎಚ್. ಪೈಲೋರಿ (ಜಠರದಲ್ಲಿ ಹುಣ್ಣು ತರಬಲ್ಲ ಬ್ಯಾಕ್ಟೀರಿಯಾ) ಉಸಿರಿನ ಪರೀಕ್ಷೆಗೆ ಮಾತ್ರೆ ನಿಲ್ಲಿಸಬೇಕೇ?

ಉತ್ತರ: ಹೌದು, ವೈದ್ಯರಿಗೆ ತಿಳಿಸಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಸೋಂಕಿದ್ದರೂ ವರದಿಯಲ್ಲಿ ಇಲ್ಲವೆಂದು ಬರಬಹುದು.