ತೋಟದ ಮನೆಗೂ ಟೆಂಟಿಗೂ ಒಂದೇ ಸಣ್ಣ ಜನರೇಟರ್ ಸಾಕಾ?

ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಮಳೆಗಾಲದಲ್ಲಿ ನಾಲ್ಕೈದು ದಿನ ಕರೆಂಟ್ ಇರಲ್ಲ, ಸಣ್ಣ ಪೆಟ್ರೋಲ್ ಜನರೇಟರ್ ತಗೊಂಡರೆ ರಾತ್ರಿಯಿಡೀ ಓಡಿಸಬಹುದಾ, ಅದನ್ನೇ ಕ್ಯಾಂಪಿಂಗ್‌ಗೂ ಒಯ್ಯಬಹುದಾ ಅಂತ ಕೇಳಿದ್ದೀರಿ. ನಮ್ಮದೂ ಕೊಪ್ಪದ ಕಡೆ ಅಡಿಕೆ ತೋಟದ ಮನೆ. ಜುಲೈನಲ್ಲಿ ಒಂದು ಮರ ಲೈನ್ ಮೇಲೆ ಬಿದ್ದರೆ ಮುಗೀತು, ಎಷ್ಟು ದಿನ ಕತ್ತಲೋ ಹೇಳಲಾಗದು. ಹನ್ನೊಂದು ಮಳೆಗಾಲ ಜನರೇಟರ್ ಇಟ್ಟುಕೊಂಡು ಕಳೆದಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಮನೆಗೆ ಖಂಡಿತ ತಗೊಳ್ಳಿ. ಆದರೆ ರಾತ್ರಿಯಿಡೀ ಓಡಿಸಬೇಡಿ. ದಿನಕ್ಕೆ ಎರಡೂವರೆ ಗಂಟೆ ಸಾಕು. ಟೆಂಟಿಗಂತೂ ಅದು ಬೇಡವೇ ಬೇಡ.

ರಾತ್ರಿಯಿಡೀ ಯಾಕೆ ಬೇಡ ಅಂದರೆ, ಸಣ್ಣ ಲೋಡ್‌ಗೆ ಜನರೇಟರ್ ಓಡಿಸುವುದು ಪೆಟ್ರೋಲ್ ದಂಡಕ್ಕೆ ಸುಟ್ಟ ಹಾಗೆ. 1 ಕೆವಿಎ (ಜನರೇಟರಿನ ಸಾಮರ್ಥ್ಯದ ಅಳತೆ) ಇರುವ ಒಳ್ಳೆಯ ಇನ್ವರ್ಟರ್ ಮಾದರಿಯ ಜನರೇಟರ್ ಸೆಟ್ (ಹಾಗೆಂದರೇನು ಅಂತ ಮುಂದೆ ಹೇಳುತ್ತೇನೆ) ಪೂರ್ತಿ 900 ವ್ಯಾಟ್ ಕೊಡುವಾಗ ಗಂಟೆಗೆ ಸುಮಾರು ಅರ್ಧ ಲೀಟರ್ ಕುಡಿಯುತ್ತದೆ. ಕಾಲು ಭಾಗ ಲೋಡ್ ಇಟ್ಟರೆ ಕುಡಿಯುವುದು ಅದರ ಕಾಲು ಭಾಗ ಅಲ್ಲ, ಅರ್ಧ ಭಾಗ. ಲೀಟರಿಗೆ ನೂರು ರೂಪಾಯಿ ಎಂದು ಲೆಕ್ಕ ಹಾಕಿ. ಪೂರ್ತಿ ಲೋಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 55 ರೂಪಾಯಿ ಬೀಳುತ್ತದೆ. ಕಾಲು ಲೋಡ್‌ನಲ್ಲಿ ಅದೇ ಯೂನಿಟ್‌ಗೆ 110 ದಾಟುತ್ತದೆ. ನಾಲ್ಕು ಬಲ್ಬು ಉರಿಸಲು ಇಡೀ ರಾತ್ರಿ ಗುರ್ ಅನ್ನಿಸುವುದು ಯಾರಿಗೂ ಗಿಟ್ಟುವುದಿಲ್ಲ. ಅದೂ ಪೆಟ್ರೋಲ್ ಬಂಕ್‌ಗೆ ಹೋಗುವ ದಾರಿಯಲ್ಲೂ ಮರ ಬಿದ್ದಿರುವಾಗ.

ನಮ್ಮ ಮನೆಯಲ್ಲಿ ನಡೆಯುವುದು ಹೀಗೆ. ಬೆಳಿಗ್ಗೆ ಏಳಕ್ಕೆ ಸ್ಟಾರ್ಟ್ ಮಾಡುತ್ತೇವೆ. ಮೊದಲು ಬಾವಿಯ ಪಂಪ್ ಒಂದೇ. ಬೇರೆ ಯಾವುದೂ ಆನ್ ಇರಬಾರದು. ಮುಕ್ಕಾಲು ಗಂಟೆಯಲ್ಲಿ ಟ್ಯಾಂಕ್ ತುಂಬುತ್ತದೆ. ಪಂಪ್ ಬಂದ್ ಆದ ಮೇಲೆ ಫ್ರಿಜ್, ಮಿಕ್ಸಿ, ಯುಪಿಎಸ್ (ಕರೆಂಟ್ ಹೋದಾಗ ದೀಪ ಉರಿಸುವ ಬ್ಯಾಟರಿ ವ್ಯವಸ್ಥೆ) ಚಾರ್ಜಿಂಗ್ ಎಲ್ಲಾ ಒಟ್ಟಿಗೆ. ಅಮ್ಮ ಅಷ್ಟರಲ್ಲಿ ಚಟ್ನಿ ರುಬ್ಬಿ, ಮಧ್ಯಾಹ್ನದ ಸಾರಿನ ಮಸಾಲೆಯನ್ನೂ ರುಬ್ಬಿಟ್ಟುಬಿಡುತ್ತಾರೆ. ಸಂಜೆ ಮತ್ತೆ ಒಂದು ಗಂಟೆ. ಫ್ರೀಜರ್‌ನಲ್ಲಿ ಖಾಲಿ ಜಾಗ ಬಿಡದೆ ನೀರಿನ ಬಾಟಲಿ ತುಂಬಿಟ್ಟರೆ ಅದು ಐಸ್ ಆಗಿ, ಮಧ್ಯೆ ಕರೆಂಟ್ ಇಲ್ಲದ ಹೊತ್ತಲ್ಲೂ ತಂಪು ಹಿಡಿದಿಡುತ್ತದೆ. ಅಪ್ಪನ ಇನ್ಸುಲಿನ್ ಫ್ರೀಜರ್‌ನಲ್ಲಲ್ಲ, ಕೆಳಗೆ ಫ್ರಿಜ್‌ನಲ್ಲಿ ಇರುವುದರಿಂದ ಇದು ನಮಗೆ ದೊಡ್ಡ ವಿಷಯ.

ರಾತ್ರಿಯ ದೀಪ ಬ್ಯಾಟರಿಯದು. ಮನೆಯ ಯುಪಿಎಸ್ 15 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ, ಪಂಪ್ ಓಡುವ ಹೊತ್ತು ಬಿಟ್ಟು ಉಳಿದ ಒಂದೂಮುಕ್ಕಾಲು ಗಂಟೆಯಲ್ಲಿ 150 ಎಎಚ್ ಬ್ಯಾಟರಿಯ ಸುಮಾರು ಆರನೇ ಒಂದು ಭಾಗ ತುಂಬುತ್ತದೆ. 9 ವ್ಯಾಟಿನ ಐದು ಎಲ್‌ಇಡಿ ಬಲ್ಬು, ಜೊತೆಗೆ ವೈಫೈ ಡಬ್ಬಿ, ಇಷ್ಟನ್ನು ಸುಮಾರು ನಾಲ್ಕು ಗಂಟೆ ಉರಿಸಲು ಅದು ಸಾಕು. ಹತ್ತು ಗಂಟೆಗೆ ಮಲಗುವ ಮನೆಗೆ ಇನ್ನೇನು ಬೇಕು?

ಇಲ್ಲಿ ಒಂದು ತೊಡಕಿದೆ, ನನಗೆ ಎರಡು ವರ್ಷ ಅರ್ಥವಾಗಿರಲಿಲ್ಲ. ಹಳೇ ಮಾದರಿಯ ಸೆಟ್‌ನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಮಾತ್ರ ಲೈನ್ ಕರೆಂಟಿನ ಹಾಗೆ 50 ಹರ್ಟ್ಸ್ ಬರುತ್ತದೆ. ಲೋಡ್ ಏರಿಳಿದರೆ ಸುತ್ತು ಏರಿಳಿಯುತ್ತದೆ, ವೋಲ್ಟೇಜೂ ಹಾಗೇ. ಯುಪಿಎಸ್ ಅದನ್ನು ಕರೆಂಟ್ ಅಂತಲೇ ಒಪ್ಪುವುದಿಲ್ಲ. ಟಕ್, ಟಕ್ ಅಂತ ಅದರೊಳಗಿನ ರಿಲೇ ಸ್ವಿಚ್ ಬಡಿದುಕೊಳ್ಳುತ್ತಿರುತ್ತದೆ, ಚಾರ್ಜ್ ಆಗುವುದಿಲ್ಲ. ಯುಪಿಎಸ್‌ನ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ ನೋಡಿ, ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ ಅಂತ. ಅದನ್ನು ಇಕೋ ಕಡೆಗೆ ತಳ್ಳಿದರೆ ಎಷ್ಟೋ ಸಲ ಸುಮ್ಮನಾಗಿ ಚಾರ್ಜ್ ತಗೊಳ್ಳುತ್ತದೆ. ಇನ್ವರ್ಟರ್ ಮಾದರಿಯ ಜನರೇಟರ್‌ನಲ್ಲಿ ಈ ತಲೆನೋವು ಬಹಳ ಕಡಿಮೆ. ಅದು ಮೊದಲು ಡಿಸಿ ಮಾಡಿಕೊಂಡು ಆಮೇಲೆ ಎಸಿ ಕೊಡುವುದರಿಂದ ಎಂಜಿನ್ ನಿಧಾನವಾದರೂ ಕರೆಂಟ್ ಸರಿಯಾಗಿರುತ್ತದೆ, ಶಬ್ದವೂ ಕಡಿಮೆ. ದುಬಾರಿ ಹೌದು. ಆದರೂ ನಾನು ಅದನ್ನೇ ಹೇಳುವುದು.

ಎಷ್ಟು ಕೆವಿಎ ಎನ್ನುವುದನ್ನು ತೀರ್ಮಾನಿಸುವುದು ನಿಮ್ಮ ಬಾವಿಯ ಪಂಪ್. ಒಂದು ಎಚ್‌ಪಿ ಅಂದರೆ 746 ವ್ಯಾಟ್ ಅಂತ ಪುಸ್ತಕದಲ್ಲಿರುತ್ತದೆ, ಅದನ್ನು ನಂಬಿ 1 ಕೆವಿಎ ಸೆಟ್ ತರಬೇಡಿ. ಮೋಟರ್ ಎದ್ದೇಳುವ ಆ ಒಂದು ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ನನ್ನದು 2 ಕೆವಿಎ ಇನ್ವರ್ಟರ್ ಸೆಟ್, ಇಪ್ಪತ್ತೊಂದು ಕೆಜಿ. ಅರ್ಧ ಎಚ್‌ಪಿ ಪಂಪನ್ನು ಎಬ್ಬಿಸುತ್ತದೆ, ಆದರೆ ಒಂದು ಕ್ಷಣ ಎಂಜಿನ್ ಉಸಿರು ಬಿಗಿಹಿಡಿದ ಹಾಗೆ ಕುಗ್ಗಿ, ಆಮೇಲೆ ಚೇತರಿಸಿಕೊಳ್ಳುತ್ತದೆ. ನಿಮ್ಮಲ್ಲಿ ಒಂದೂವರೆ ಎಚ್‌ಪಿ ಪಂಪ್ ಇದ್ದರೆ ಇಂಥ ಸೆಟ್‌ನಿಂದ ಆಗುವುದಿಲ್ಲ, ಕೈಯಲ್ಲಿ ಎತ್ತಲಾಗದ ದೊಡ್ಡದೇ ಬೇಕು. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಇವುಗಳ ಆಸೆ ಬಿಟ್ಟುಬಿಡಿ. ಸ್ನಾನಕ್ಕೆ ಬಚ್ಚಲ ಒಲೆ ಇದೆಯಲ್ಲ. ಮನೆ ಎತ್ತರದಲ್ಲಿದ್ದರೆ ಇನ್ನೂ ಸ್ವಲ್ಪ ಕಳೆಯಿರಿ. ಪ್ರತಿ 300 ಮೀಟರ್‌ಗೆ ಎಂಜಿನ್‌ನ ಶಕ್ತಿ ಶೇಕಡಾ ಮೂರರಿಂದ ನಾಲ್ಕು ಇಳಿಯುತ್ತದೆ.

ಹಾಂ, ಮನೆ ಹಿಂದೆ ಗುಡ್ಡದಿಂದ ಇಳಿಯುವ ಹಳ್ಳ ಇದ್ದರೆ ಜನರೇಟರ್‌ಗಿಂತ ಮೊದಲು ಅದನ್ನು ನೋಡಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಪೈಪಿನ ನೀರಿಗೆ ಪುಟ್ಟ ಟರ್ಬೈನ್ ಕೂರಿಸಿ ಕರೆಂಟ್ ಮಾಡಿಕೊಂಡಿದ್ದಾರೆ. ಲೈನ್ ಹೋಗುವ ಕಾಲದಲ್ಲೇ ಹಳ್ಳ ತುಂಬಿರುತ್ತದೆ.

ಈಗ ಕ್ಯಾಂಪಿಂಗ್. ಇಬ್ಬರು ಎರಡು ರಾತ್ರಿ ಟೆಂಟಿನಲ್ಲಿ ಇದ್ದರೆ ಬೇಕಾಗುವುದು ಎಷ್ಟು? 5 ವ್ಯಾಟಿನ ದೀಪ ರಾತ್ರಿಗೆ ನಾಲ್ಕೈದು ಗಂಟೆ, ಎರಡು ಫೋನ್. 20,000 ಎಂಎಎಚ್‌ನ ಎರಡು ಪವರ್ ಬ್ಯಾಂಕ್‌ನಲ್ಲಿ ಆರಾಮಾಗಿ ಆಗುತ್ತದೆ. ಲ್ಯಾಪ್‌ಟಾಪ್, ಕ್ಯಾಮೆರಾ ಅಂತ ಇದ್ದರೆ 500 ವ್ಯಾಟ್‌ಅವರ್‌ನ ಲಿಥಿಯಂ ಪವರ್ ಸ್ಟೇಷನ್, ಅಂದರೆ ಪ್ಲಗ್ ಹಾಕಬಹುದಾದ ಬ್ಯಾಟರಿ ಪೆಟ್ಟಿಗೆ, ತಗೊಳ್ಳಿ. ಇಪ್ಪತ್ತೊಂದು ಕೆಜಿ ಎಂಜಿನ್, ಮೇಲೆ ಪೆಟ್ರೋಲ್ ಕ್ಯಾನ್, ಯಾಕೆ ಹೊರಬೇಕು? ಮಳೆ ನಿಂತ ರಾತ್ರಿ ನಮ್ಮ ಕಾಡಿನಲ್ಲಿ ಕಪ್ಪೆ, ಜೀರುಂಡೆ ಕೂಗುವುದನ್ನು ಕೇಳಲೆಂದೇ ಜನ ದೂರದಿಂದ ಬರುತ್ತಾರೆ. ಅಲ್ಲಿ ಎಂಜಿನ್ ಶುರು ಮಾಡಿದರೆ ಪಕ್ಕದ ಟೆಂಟಿನವರ ರಾತ್ರಿಯೂ ಹಾಳು. ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಉಳಿಯುವುದೇ ತಪ್ಪು, ಜನರೇಟರ್ ಮಾತು ಆಮೇಲೆ. ಮೂವತ್ತು ಜನರ ಶಿಬಿರ, ಅಡುಗೆ ಭಟ್ಟರು, ದೊಡ್ಡ ಲೈಟು ಇದ್ದಾಗ ಮಾತ್ರ ಸೆಟ್ ಒಯ್ಯುವುದು ಸರಿ.

ಮುಂದಿನದನ್ನು ದಯವಿಟ್ಟು ಅಪ್ಪ ಅಮ್ಮನಿಗೆ ಕೂರಿಸಿ ಹೇಳಿ. ಮೊದಲ ವರ್ಷ ಗಾಳಿಮಳೆ ಜೋರಾಗಿದೆ ಅಂತ ನಾನು ಸೆಟ್ಟನ್ನು ಜಗಲಿಗೆ ತಂದಿಟ್ಟಿದ್ದೆ. ಜಗಲಿ ಒಂದು ಕಡೆ ತೆರೆದೇ ಇದೆ, ಹೊಗೆ ಹೊರಗೆ ಹೋಗುತ್ತದೆ ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಅಮ್ಮ ತಲೆ ಸಿಡಿಯುತ್ತಿದೆ ಅಂದರು. ಶೀತ ಇರಬೇಕು ಅಂತ ಕಷಾಯ ಕೊಟ್ಟೆವು. ವಾಂತಿ ಬಂದ ಹಾಗಾಗುತ್ತಿದೆ ಎಂದು ಅವರು ಗೋಡೆ ಹಿಡಿದುಕೊಂಡಾಗ ನನಗೆ ಹೊಳೆಯಿತು. ಎಂಜಿನ್ ಬಂದ್ ಮಾಡಿ, ಅವರನ್ನು ಕೊಟ್ಟಿಗೆಯ ಕಡೆ ತೆರೆದ ಗಾಳಿಗೆ ಕರೆದುಕೊಂಡು ಹೋದೆ. ಸುಧಾರಿಸಿಕೊಂಡರು. ಎಂಜಿನ್ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರಾದರೆ ಏಳುವುದೇ ಇಲ್ಲ. ಆ ಸಂಜೆ ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ಈಗ ನಮ್ಮ ಅಂಗಳದಾಚೆ, ಕಿಟಕಿ ಬಾಗಿಲುಗಳಿಂದ ಇಪ್ಪತ್ತು ಅಡಿಗಿಂತ ದೂರದಲ್ಲಿ, ನಾಲ್ಕು ಕಂಬ ಹುಗಿದು ಮೇಲೆ ತಗಡು ಹೊದೆಸಿದ್ದೇವೆ. ನಾಲ್ಕೂ ಕಡೆ ಖಾಲಿ. ಕೆಳಗೆ ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ, ಎರಚಲು ನೀರು ತಾಗದ ಹಾಗೆ. ಹೊಗೆಯ ಬಾಯಿ ತೋಟದ ಕಡೆಗೆ. ಅಲ್ಲಿಂದ ಮನೆಗೆ 2.5 ಚದರ ಮಿಲಿಮೀಟರ್‌ನ ಮೂರು ಎಳೆ ಕೇಬಲ್. ತೆಳ್ಳನೆಯ ವೈರ್ ಎಳೆದರೆ ಪಂಪ್ ಏಳುವಾಗ ವೋಲ್ಟೇಜ್ ಬಿದ್ದುಹೋಗುತ್ತದೆ. ಟೆಂಟ್ ಹತ್ತಿರವೂ ಇದೇ ದೂರದ ನಿಯಮ.

ಕೆಲವರು ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿ ಗೋಡೆಯ ಸಾಕೆಟ್‌ಗೆ ಕರೆಂಟ್ ತುಂಬುತ್ತಾರೆ. ಇದನ್ನು ಮಾಡಲೇಬೇಡಿ. ಮೇನ್ ಸ್ವಿಚ್ ಆಫ್ ಮಾಡಲು ಒಂದು ದಿನ ಮರೆತರೆ ನಿಮ್ಮ 230 ವೋಲ್ಟ್ ಹೊರಗೆ ಹೋಗಿ, ಟ್ರಾನ್ಸ್‌ಫಾರ್ಮರ್‌ನಲ್ಲಿ ತಿರುಗಿ ಸಾವಿರಾರು ವೋಲ್ಟ್ ಆಗುತ್ತದೆ. ಆ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತಾ ಲೈನ್‌ಮ್ಯಾನ್ ಕಂಬದ ಮೇಲಿರುತ್ತಾರೆ, ನಿಮ್ಮ ಮನೆಗೇ ಕರೆಂಟ್ ತರಲು. ಎಲೆಕ್ಟ್ರಿಷಿಯನ್ ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಒಂದು ಕಡೆ ತಿರುಗಿಸಿದರೆ ಲೈನ್, ಇನ್ನೊಂದು ಕಡೆ ಜನರೇಟರ್, ಎರಡೂ ಒಟ್ಟಿಗೆ ಸೇರಲು ಸಾಧ್ಯವೇ ಇಲ್ಲ.

ಉಳಿದದ್ದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತದ್ದು, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದ ಥಂಡಿಯಲ್ಲಿ ಕೇಳಬೇಕಾ! ಟ್ಯಾಂಕಿನಲ್ಲಿ ಬಿಟ್ಟರೆ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ. ಜನರೇಟರ್ ಕೆಟ್ಟಿದೆ ಎಂದು ರಿಪೇರಿಗೆ ಒಯ್ಯುವವರಲ್ಲಿ ಹೆಚ್ಚಿನವರ ಕಥೆ ಇದೇ. ನಾವು ಮುಚ್ಚಳ ಬಿಗಿಯಿರುವ ಲೋಹದ ಕ್ಯಾನ್‌ನಲ್ಲಿ ಹತ್ತು ಲೀಟರ್ ಮಾತ್ರ ತರುತ್ತೇವೆ, ಒಂದು ತಿಂಗಳಲ್ಲಿ ಖರ್ಚಾಗದಿದ್ದರೆ ಬೈಕಿಗೆ ಹಾಕಿಬಿಡುತ್ತೇವೆ. ಬಿಸಿ ಎಂಜಿನ್‌ಗೆ ಪೆಟ್ರೋಲ್ ಸುರಿಯುವುದಿಲ್ಲ, ಹತ್ತು ಹದಿನೈದು ನಿಮಿಷ ಆರಲು ಬಿಡುತ್ತೇವೆ. ಹೊಸ ಸೆಟ್‌ನ ಮೊದಲ ಆಯಿಲ್ 20 ಗಂಟೆಗೇ ಬದಲಿಸಿ, ಆಮೇಲೆ 100 ಗಂಟೆಗೊಮ್ಮೆ.

ಮಳೆಗಾಲ ಮುಗಿದ ಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ. ಕಾರ್ಬ್ಯುರೇಟರ್ ಒಣಗಲಿ, ಟ್ಯಾಂಕನ್ನೂ ಖಾಲಿ ಮಾಡಿ. ಮತ್ತೆ ಮೇ ಕೊನೆಯ ವಾರ ನೀವು ಊರಿಗೆ ಹೋದಾಗ ಹೊಸ ಪೆಟ್ರೋಲ್ ಹಾಕಿ, ಸ್ಟಾರ್ಟ್ ಮಾಡುವ ಹಗ್ಗವನ್ನು ಅಮ್ಮನ ಕೈಯಲ್ಲೇ ಎಳೆಸಿ ನೋಡಿ. ಅವರ ಕೈಯಲ್ಲಿ ಸ್ಟಾರ್ಟ್ ಆಗದಿದ್ದರೆ ಬಟನ್ ಸ್ಟಾರ್ಟ್ ಇರುವ ಸೆಟ್ಟೇ ತಗೊಳ್ಳಿ, ಏಕೆಂದರೆ ಜುಲೈನಲ್ಲಿ ನೀವು ಅಲ್ಲಿರುವುದಿಲ್ಲ.