ಸ್ವರ ಸರಿ, ಬೆರಳೆತ್ತುವ ಹೊತ್ತು ತಪ್ಪು

ಓದುಗರ ಪತ್ರ: ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾಂಕಾಕ್ ಕಾಸಿಗಾಗಿ ಜಾಝ್ ಬಿಟ್ಟು ಕುಣಿಸುವ ಸಂಗೀತಕ್ಕೆ ಇಳಿದರೇ? ಅವರ ‘ಕಮೀಲಿಯನ್’ ಬೇಸನ್ನು (ತಗ್ಗು ಸ್ವರಗಳ ಸಾಲನ್ನು) ಸಾಫ್ಟ್‌ವೇರ್ ಸಿಂಥ್‌ನಲ್ಲಿ ನುಡಿಸಿದೆ. ಸ್ವರಗಳೆಲ್ಲ ಸರಿಯಿವೆ, ಜೀವವಿಲ್ಲ. ‘ರಾಕಿಟ್’ಗೂ ಇದೇ ಪಾಕವೇ?

ಸಂಪಾದಕರ ಉತ್ತರ: ಕಾಸು ಬಂದದ್ದು ನಿಜ. ಜಾಝ್ ಬಿಟ್ಟರು ಎಂಬುದನ್ನು ಮಾತ್ರ ಒಪ್ಪಲಾರೆವು. ‘ಕಮೀಲಿಯನ್’ ಇರುವ 1973ರ ಆಲ್ಬಂ ‘ಹೆಡ್ ಹಂಟರ್ಸ್’ಗೆ ಅವರು ಹಳೆಯ ತಂಡದಿಂದ ಉಳಿಸಿಕೊಂಡದ್ದು ಸ್ಯಾಕ್ಸೊಫೋನ್ ವಾದಕ ಬೆನ್ನಿ ಮೌಪಿನ್ ಒಬ್ಬರನ್ನೇ. ಗಿಟಾರ್ ವಾದಕರನ್ನು ಕರೆಯಲೇ ಇಲ್ಲ. ಆ ಕೆಲಸ ಕ್ಲಾವಿನೆಟ್ (ತಂತಿಗಳಿರುವ ವಿದ್ಯುತ್ ಕೀಬೋರ್ಡ್) ಪಾಲಿಗೆ ಬಿತ್ತು. ‘ಕಮೀಲಿಯನ್’ ಹದಿನೈದು ನಿಮಿಷ ದಾಟುತ್ತದೆ. ಮೊದಲ ಭಾಗಕ್ಕೆ ಬಿ ಫ್ಲ್ಯಾಟ್ ಮೈನರ್ 7, ಇ ಫ್ಲ್ಯಾಟ್ 7 ಎಂಬ ಎರಡೇ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಸಾಕಾಗಿವೆ. ಕಾರ್ಡ್ ಬದಲಿಸುವುದರಲ್ಲಿ ಖರ್ಚಾಗುತ್ತಿದ್ದ ಜಾಣ್ಮೆಯೆಲ್ಲ ಇಲ್ಲಿ ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು ಎಂಬ ಲೆಕ್ಕಕ್ಕೆ ಹೋಗಿದೆ. ನೀವು ಎಡವಿರುವುದೂ ಬಹುಶಃ ಅಲ್ಲೇ.

ಆ ಬೇಸ್ ಆರ್ಪ್ ಒಡಿಸ್ಸಿ ಎಂಬ ಸಿಂಥಸೈಜರಿನದು. ಅದರ 37 ಕೀಲಿಗಳಿಗೆ ಬೆರಳು ಮೆಲ್ಲಗೆ ಬಿತ್ತೋ ಜೋರಾಗಿ ಬಿತ್ತೋ ತಿಳಿಯದು. ಹಾಗಾಗಿ ಒತ್ತು ಕೊಡಬೇಕೆಂದರೆ ಒಂದು ಸ್ವರವನ್ನು ಎಳೆದು ಪಕ್ಕದ್ದನ್ನು ಕತ್ತರಿಸಬೇಕು. ಮೊದಲು ನಿಮ್ಮ ಸಿಂಥ್‌ನಲ್ಲಿ ವೆಲಾಸಿಟಿ (ಒತ್ತಿನ ಜೋರಿಗೆ ತಕ್ಕಂತೆ ಸದ್ದು ಬದಲಿಸುವ ಗುಣ) ಆಫ್ ಮಾಡಿ. ಮೋನೋ (ಒಮ್ಮೆಗೆ ಒಂದೇ ಸ್ವರ) ಇರಲಿ, ಲೆಗಾಟೊ (ಸ್ವರಗಳನ್ನು ಬೆಸೆಯುವುದು) ಬೇಡ, ಅದಿದ್ದರೆ ಹಿಂದಿನ ಬೆರಳು ಏಳುವ ಮುನ್ನ ಒತ್ತಿದ ಸ್ವರದ ಆರಂಭದ ಪೆಟ್ಟೇ ನುಂಗಿಹೋಗುತ್ತದೆ. ಅಟ್ಯಾಕ್ (ಸದ್ದು ಏರುವ ಹೊತ್ತು) ಸೊನ್ನೆ, ಫಿಲ್ಟರ್ ಡಿಕೇ (ಸದ್ದಿನ ಹೊಳಪು ಇಳಿಯುವ ಹೊತ್ತು) 200ರಿಂದ 300 ಮಿಲಿಸೆಕೆಂಡ್, ಸಸ್ಟೇನ್ (ಆಮೇಲೆ ನಿಲ್ಲುವ ಮಟ್ಟ) ಕಾಲುಭಾಗ. ಇಲ್ಲಿಂದ ಶುರುಮಾಡಿ, ಉಳಿದದ್ದು ಕಿವಿಗೆ ಬಿಟ್ಟದ್ದು.

ಜಿ, ಎ ಫ್ಲ್ಯಾಟ್, ಎ. ಈ ಮೂರು ಮೆಟ್ಟಿಲು ಹತ್ತಿ ಬಿ ಫ್ಲ್ಯಾಟ್ ಮೇಲೆ ಕಾಲಿಟ್ಟಾಗಲೇ ಒಂದನೆಯ ಪೆಟ್ಟು. ಕರ್ನಾಟಕ ಸಂಗೀತ ಬಲ್ಲವರಿಗೆ ಇದು ಅತೀತ ಎಡುಪು (ತಾಳಕ್ಕಿಂತ ಮೊದಲೇ ಶುರುವಾಗುವುದು) ಎಂದರೆ ಸಾಕು. ಲೂಪನ್ನು (ಮತ್ತೆ ಮತ್ತೆ ಮರಳುವ ತುಣುಕನ್ನು) ಜಿ ಸ್ವರದಲ್ಲೇ ಆರಂಭಿಸಿ ಅದನ್ನೇ ಒಂದನೆಯ ಪೆಟ್ಟಿಗೆ ಕೂರಿಸಿದರೆ ಡ್ರಮ್ಸ್ ಒಂದು ಕಡೆ, ಬೇಸ್ ಇನ್ನೊಂದು ಕಡೆ. ಬಹಳ ಮಂದಿ ಮಾಡುವ ತಪ್ಪಿದು.

ಕ್ಲಾವಿನೆಟ್ ಸದ್ದಿಗೆ ಸಸ್ಟೇನ್ ಪೆಡಲ್ ಮುಟ್ಟಲೇಬೇಡಿ. ಅಸಲಿ ವಾದ್ಯದಲ್ಲಿ ಕೀಲಿ ಬಿಟ್ಟೊಡನೆ ತಂತಿಗೆ ಸುತ್ತಿದ ನೂಲು ನಾದವನ್ನು ಅಡಗಿಸುತ್ತದೆ. ನಿಮಿಷಕ್ಕೆ 95 ಬೀಟ್ ವೇಗದಲ್ಲಿ ಹದಿನಾರನೇ ಭಾಗದ ಒಂದು ಸ್ವರಕ್ಕೆ ಸಿಗುವುದು ಸುಮಾರು 158 ಮಿಲಿಸೆಕೆಂಡ್; ಅದರ ಅರ್ಧಕ್ಕೇ ಬೆರಳೆತ್ತಿ. 200 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿ ಬೇಸ್‌ಗೆ ಬಿಟ್ಟುಕೊಡಿ. ಖಾಲಿ ಕಂಡಿತೆಂದು ಪ್ಯಾಡ್ (ಹಿನ್ನೆಲೆಯ ಉದ್ದನೆಯ ನಾದ) ತುಂಬಿದಿರೋ, ಕುಣಿತ ಸತ್ತಂತೆಯೇ.

‘ರಾಕಿಟ್’ (1983) ಬೇರೆಯೇ ಪಾಕ. ಬಿಲ್ ಲಾಸ್‌ವೆಲ್, ಮೈಕಲ್ ಬೈನ್‌ಹಾರ್ನ್ ಎಂಬ ನಿರ್ಮಾಪಕರು ಡಿಎಂಎಕ್ಸ್ ಡ್ರಮ್ ಮಶೀನಿನ ಮೇಲೆ ತಳಪಾಯ ಕಟ್ಟಿದರು. ಗ್ರ್ಯಾಂಡ್‌ಮಿಕ್ಸರ್ ಡಿ.ಎಸ್‌ಟಿ ರೆಕಾರ್ಡ್ ಉಜ್ಜಿ ಸ್ಕ್ರ್ಯಾಚ್ ಸದ್ದು ತೆಗೆದರು, ಡೇನಿಯಲ್ ಪಾನ್ಸೆ ಬಾಟಾ ಎಂಬ ಕ್ಯೂಬಾದ ಡೋಲು ನುಡಿಸಿದರು. ಹ್ಯಾಂಕಾಕರ ಕೀಬೋರ್ಡ್ ಕೂತದ್ದು ಆಮೇಲೆ. ನೀವೂ ಮಶೀನಿನಿಂದ ಮೊದಲುಮಾಡಿ, ಟ್ಯೂನನ್ನು ಕೊನೆಗಿಡಿ. ಸ್ಕ್ರ್ಯಾಚ್ ಬರುವ ಕಡೆ ಕೈಯನ್ನು ಕೀಬೋರ್ಡಿನಿಂದ ತೆಗೆಯಿರಿ.